ಒಂಬತ್ತು ವರ್ಷದ ಲೆಕ್ಕ: ಹೊರದೇಶದಿಂದ ಮರಳಿದ ಒಬ್ಬರ ಪ್ರಕರಣ

ಮನೆಗೆ ಬಂದ ಎಂಟನೇ ದಿನ ಅವರು ಅಡುಗೆಮನೆಯ ಕಪಾಟನ್ನು ಪೂರ್ತಿ ಬದಲಾಯಿಸಿದರು. ದಿನಾ ಬೇಕಾಗುವ ಡಬ್ಬಗಳು ಕೈಗೆ ಸಿಗುವ ಹಾಗೆ ಕೆಳಗೆ, ಅಪರೂಪಕ್ಕೆ ಬೇಕಾಗುವುದು ಮೇಲೆ. ಪ್ರತಿ ಹಲಗೆಯ ಅಂಚಿಗೂ ಒಂದೊಂದು ಚೀಟಿ. ಅರ್ಧ ದಿನ ಹಿಡಿಯಿತು. ಸಂಜೆ ಹೆಂಡತಿ ಆಫೀಸಿನಿಂದ ಬಂದರು, ನೋಡಿದರು, ಏನೂ ಹೇಳಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಒಬ್ಬರೇ ನಿಂತು ಎಲ್ಲವನ್ನೂ ಹಳೇ ಜಾಗಕ್ಕೆ ಸೇರಿಸಿದರು. ಚೀಟಿಗಳನ್ನು ಮಾತ್ರ ಕೀಳಲಿಲ್ಲ. ಮುಂದೆ ಐದಾರು ತಿಂಗಳು ಆ ಕಪಾಟಿನಲ್ಲಿ ಚೀಟಿ ಹೇಳುವುದೊಂದು, ಹಲಗೆಯ ಮೇಲಿರುವುದೊಂದು.

ಇದನ್ನು ಗಂಡ, ಹೆಂಡತಿ ಇಬ್ಬರೂ ನನಗೆ ಬೇರೆ ಬೇರೆಯಾಗಿ ಹೇಳಿದರು, ಅದೂ ಮೊದಲ ಭೇಟಿಯಲ್ಲೇ. ಗಂಡ ಹೇಳಿದ್ದು: "ಸಹಾಯ ಮಾಡೋಣ ಅಂತ ಹೋದೆ ಮೇಡಂ. ಒಂದು ಮಾತೂ ಆಡದೆ ಎಲ್ಲಾ ಎತ್ತಿಟ್ಟುಬಿಟ್ಟಳು." ಹೆಂಡತಿ ಹೇಳಿದ್ದು: "ಕರೆಂಟ್ ಹೋದರೂ ಕೈ ಹಾಕಿದರೆ ಸಿಗ್ತಿತ್ತು. ಒಂದೇ ದಿನದಲ್ಲಿ ಅದು ಯಾರದೋ ಅಡುಗೆಮನೆ ಆಗೋಯ್ತು."

ನಾನು ಕುಟುಂಬಗಳ ಜೊತೆ ಕೆಲಸ ಮಾಡುವ ಆಪ್ತಸಮಾಲೋಚಕಿ. ಇವರು ನನ್ನ ಬಳಿ ಬಂದಾಗ ಗಂಡ ಹೊರದೇಶದಿಂದ ಮರಳಿ ಐದನೇ ತಿಂಗಳು ನಡೆಯುತ್ತಿತ್ತು. ಆಮೇಲಿನ 7 ತಿಂಗಳಲ್ಲಿ 11 ಸಲ ಭೇಟಿಯಾದೆವು. ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಊರು, ದೇಶ, ಸಂಸ್ಥೆ ಯಾವುದೂ ಇಲ್ಲಿ ಬರುವುದಿಲ್ಲ. ಬಂದರೂ ವಿಷಯ ಬದಲಾಗುತ್ತಿರಲಿಲ್ಲ.

ಗಂಡನಿಗೆ 44 ವರ್ಷ. ಕಾರ್ಖಾನೆಯ ಯಂತ್ರಗಳ ಮೆಂಟೆನೆನ್ಸ್ ಎಂಜಿನಿಯರ್. 9 ವರ್ಷ ಹೊರಗಿದ್ದರು. ಹೋಗುವಾಗ ಮಗಳಿಗೆ 6 ವರ್ಷ, ಮಗನಿಗೆ ಬರೀ 4 ತಿಂಗಳು. ಈಗ 15 ಮತ್ತು 9. ಹೆಂಡತಿ ಒಂದು ಕಚೇರಿಯ ಅಕೌಂಟ್ಸ್ ವಿಭಾಗದಲ್ಲಿದ್ದಾರೆ. ಗಂಡನ ತಾಯಿ, 72 ವರ್ಷ, ಮೊದಲಿಂದಲೂ ಇವರ ಜೊತೆಗೇ. ಅವರಿಗೆ ಓಡಾಟ ಕಷ್ಟವಾಯಿತು, ಅಲ್ಲಿನ ಒಪ್ಪಂದವೂ ಮುಗಿಯಿತು, ಹಳೇ ಸಂಸ್ಥೆ ವಾಪಸ್ ಕರೆಯಿತು. ಹಾಗಾಗಿ ಬಂದರು. ಕುಡಿತ, ಸಾಲ, ಇನ್ನೊಂದು ಸಂಬಂಧ, ಇಂಥದ್ದೇನೂ ಇಲ್ಲ. ದೂರು ಇಷ್ಟೇ. ಗಂಡ: "ಸ್ವಂತ ಮನೇಲಿ ಬಾಡಿಗೆಗೆ ಇದ್ದ ಹಾಗಿದೆ." ಹೆಂಡತಿ: "ಅವರು ಬಂದ ಮೇಲೆ ನಿದ್ದೆ ಸರಿಯಾಗಿ ಬರ್ತಿಲ್ಲ." ಮಗಳು ಮೊದಲ ಮೂರು ಭೇಟಿಗೆ ಬರಲೇ ಇಲ್ಲ.

ರಜೆಯ ಅಪ್ಪ

ಆ 9 ವರ್ಷದಲ್ಲಿ ಅವರು 8 ಸಲ ರಜೆಗೆ ಬಂದಿದ್ದರು, ಒಂದೊಂದು ಸಲ ಹೆಚ್ಚು ಕಡಿಮೆ ಒಂದು ತಿಂಗಳು. ಅಂದರೆ ಆ ಒಂಬತ್ತು ವರ್ಷದಲ್ಲಿ ಮಗ ಅಪ್ಪನ ಜೊತೆ ಒಟ್ಟು ಕಳೆದದ್ದು ಒಂದು ವರ್ಷವೂ ಆಗುವುದಿಲ್ಲ. ಅದರಲ್ಲೂ ಪ್ರತಿ ದಿನ ರಜೆಯ ದಿನ. ಯಾರೂ ಬೈಯುವುದಿಲ್ಲ, ಯಾರೂ ಮುನಿಸಿಕೊಳ್ಳುವುದಿಲ್ಲ, ಬೇಡವೆನ್ನುವ ಮಾತಿಲ್ಲ. ಅವರಿಗೂ ಅದೇ ಮನೆ ಅನ್ನಿಸಿತ್ತು. ತಾನು ಇಲ್ಲದ ಹನ್ನೊಂದು ತಿಂಗಳೂ ಮನೆ ಹೀಗೇ ನಡೆಯುತ್ತದೆ ಅಂದುಕೊಂಡಿದ್ದರು. ವರ್ಷವರ್ಷವೂ ಬರುತ್ತಿದ್ದೆನಲ್ಲ, ಹಾಗಾಗಿ ಸಂಪರ್ಕ ತಪ್ಪಿಲ್ಲ ಎಂಬ ಧೈರ್ಯ. ನನ್ನ ಅನುಭವದಲ್ಲಿ ಇದು ತುಂಬಾ ಮೋಸ ಮಾಡುವ ಧೈರ್ಯ. ಪೂರ್ತಿ ದೂರವೇ ಇದ್ದವರು ಕನಿಷ್ಠ ಏನೋ ಬದಲಾಗಿರಬಹುದು ಎಂದು ಹೆದರಿಕೊಂಡಾದರೂ ಬರುತ್ತಾರೆ.

ಬಂದು ಐದು ವಾರವಾದ ಮೇಲೆ ಮಗ ಊಟದ ಹೊತ್ತಿನಲ್ಲಿ, ಅಪ್ಪನ ಎದುರೇ, ಅಮ್ಮನನ್ನು ಕೇಳಿದ: "ಅಮ್ಮಾ, ಅಪ್ಪ ಯಾವಾಗ ಹೋಗ್ತಾರೆ?" ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಅವನ ಲೆಕ್ಕದಲ್ಲಿ ಅಪ್ಪ ನಾಲ್ಕು ವಾರಕ್ಕೆ ಹೋಗುವವರು. ದೊಡ್ಡ ಸೂಟ್‌ಕೇಸ್ ಬೇರೆ ಇನ್ನೂ ಬೀರುವಿನ ಮೇಲೇ ಇತ್ತು.

ಇನ್ನೊಂದು ವಿಷಯವನ್ನು ಅವರು ಹೇಳಲಿಲ್ಲ, ನಾನೇ ಗಮನಿಸಿದೆ. ಹುಡುಗ ಅಮ್ಮನಿಗೆ, ಅಜ್ಜಿಗೆ, ಅಕ್ಕನಿಗೆ ಎಲ್ಲರಿಗೂ "ನೀನು". ಅಪ್ಪನಿಗೆ ಮಾತ್ರ "ನೀವು". ಆ ಮನೆಯಲ್ಲಿ ಯಾರೂ ಹಾಗೆ ಕಲಿಸಿರಲಿಲ್ಲ. ಮಗಳು ಚಿಕ್ಕವಳಿದ್ದಾಗ "ನೀನು" ಎನ್ನುತ್ತಿದ್ದಳಂತೆ, ಯಾವಾಗ "ನೀವು" ಆಯಿತೋ ಯಾರಿಗೂ ನೆನಪಿಲ್ಲ. ನಮ್ಮ ಭಾಷೆಯಲ್ಲಿ ಗೌರವಕ್ಕೂ ದೂರಕ್ಕೂ ಒಂದೇ ಪದ ಇರುವುದರಿಂದ ಇಂಥದ್ದು ಸುಲಭವಾಗಿ ಕಣ್ಣು ತಪ್ಪುತ್ತದೆ.

ಇಲ್ಲಿ ಒಬ್ಬರನ್ನು ನೆನೆಯಬೇಕು. ಆಲ್ಫ್ರೆಡ್ ಶುಟ್ಸ್ ಆಸ್ಟ್ರಿಯಾದಿಂದ ಅಮೆರಿಕಕ್ಕೆ ವಲಸೆ ಹೋದ ಸಮಾಜಶಾಸ್ತ್ರಜ್ಞ. ಬಹಳ ವರ್ಷ ಹಗಲು ಬ್ಯಾಂಕ್ ವ್ಯವಹಾರದ ಕೆಲಸ, ಉಳಿದ ಹೊತ್ತಿನಲ್ಲಿ ತತ್ವಶಾಸ್ತ್ರ. 1945ರಲ್ಲಿ, ಯುದ್ಧದಿಂದ ಸೈನಿಕರು ಮನೆಗೆ ಮರಳುತ್ತಿದ್ದ ಹೊತ್ತಿನಲ್ಲಿ, ಮರಳಿ ಬರುವವನ ಕುರಿತೇ ಒಂದು ಲೇಖನ ಬರೆದರು. ಹೊಸ ಊರಿಗೆ ಹೋಗುವವನಿಗೆ ತನಗೇನೂ ಗೊತ್ತಿಲ್ಲ ಎಂಬುದು ಗೊತ್ತಿರುತ್ತದೆ. ಮನೆಗೆ ಮರಳುವವನಿಗೆ ಎಲ್ಲ ಗೊತ್ತಿದೆ ಎಂಬ ನಂಬಿಕೆ. ಕಷ್ಟ ಅಲ್ಲೇ ಹುಟ್ಟುತ್ತದೆ. ಹೋದವನ ಮನಸ್ಸಿನಲ್ಲಿ ಮನೆ ಅವನು ಬಿಟ್ಟ ದಿನಕ್ಕೆ ನಿಂತಿರುತ್ತದೆ. ಮನೆಯವರ ಮನಸ್ಸಿನಲ್ಲಿ ಅವನೂ ಹಾಗೇ ನಿಂತಿರುತ್ತಾನೆ. ನಡುವೆ ಇಬ್ಬರೂ ಬೇರೆ ಬೇರೆ ಕಡೆ ವಯಸ್ಸಾಗಿರುತ್ತಾರೆ. ನಾನು ಇದನ್ನು ಗಂಡನಿಗೆ ಹೇಳಿದಾಗ ಅವರು ತಮ್ಮ ವಿಡಿಯೊ ಕಾಲ್ ನೆನಪಿಸಿಕೊಂಡರು. ಹೆಂಡತಿ ಯಾವಾಗಲೂ ಫೋನನ್ನು ಒಂದೇ ಜಾಗದಲ್ಲಿ ಒರಗಿಸಿಡುತ್ತಿದ್ದರು. "ಒಂಬತ್ತು ವರ್ಷ ಹಾಲ್‌ನ ಒಂದೇ ಗೋಡೆ ನೋಡಿದೀನಿ ಮೇಡಂ. ಎದುರು ಗೋಡೆ ಹೇಗಿದೆ ಅಂತಾನೇ ಗೊತ್ತಿರಲಿಲ್ಲ."

ರಾತ್ರಿ 9ರ ಫೋನು

ರಾತ್ರಿ ಒಂಬತ್ತಕ್ಕೆ ಫೋನು. ಒಂಬತ್ತು ವರ್ಷ ಅದು ತಪ್ಪಿದ್ದು ಕಡಿಮೆ. ಮೊದಲು ತಾಯಿ, ಆಮೇಲೆ ಹೆಂಡತಿ, ಮಗ. ಕೊನೆಯ ಹತ್ತು ನಿಮಿಷ ಮಗಳು ಫೋನನ್ನು ತನ್ನ ಕೋಣೆಗೆ ಒಯ್ಯುತ್ತಿದ್ದಳು. ಟೀಚರ್ ಬೈದದ್ದು, ಗೆಳತಿ ಮಾತು ಬಿಟ್ಟದ್ದು, ಅಮ್ಮನ ಮೇಲಿನ ಸಿಟ್ಟು, ಎಲ್ಲ ಆ ಹತ್ತು ನಿಮಿಷದಲ್ಲಿ. ಅಪ್ಪ ವಾಪಸ್ ಬಂದ ದಿನ ಆ ಫೋನು ನಿಂತಿತು. ನಿಲ್ಲದೆ ಇನ್ನೇನು? ಮನುಷ್ಯ ಎದುರಿಗೇ ಇದ್ದಾನಲ್ಲ.

ನಾಲ್ಕನೇ ಭೇಟಿಗೆ ಮಗಳು ಬಂದಳು. ಮುಕ್ಕಾಲು ಗಂಟೆ ಸುಮ್ನೆ ಕೂತಿದ್ದಳು. ಎದ್ದು ಹೋಗುವಾಗ ಒಂದೇ ವಾಕ್ಯ: "ಫೋನಲ್ಲಿದ್ದ ಅಪ್ಪ ಎಲ್ಲಿ ಹೋದ್ರು?"

ಪಾಲಿನ್ ಬಾಸ್ ಎಂಬ ಅಮೆರಿಕದ ಕುಟುಂಬ ಚಿಕಿತ್ಸಕಿ 1970ರ ದಶಕದಲ್ಲಿ, ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದವರ ಕುಟುಂಬಗಳ ಜೊತೆ ಕೆಲಸ ಮಾಡುತ್ತಾ ಒಂದು ಬಗೆಯ ನಷ್ಟವನ್ನು ಗುರುತಿಸಿದರು. ಮೈ ಇಲ್ಲ, ಆದರೆ ಮನಸ್ಸಿನಲ್ಲಿ ಆ ಮನುಷ್ಯ ಇದ್ದೇ ಇರುತ್ತಾನೆ. ಇದರ ಇನ್ನೊಂದು ಬಗೆಯೂ ಇದೆ: ಮೈ ಎದುರಿಗಿದೆ, ಮನಸ್ಸು ಕೈಗೆ ಸಿಗುವುದಿಲ್ಲ. ಸತ್ತವರಿಗೆ ಅಳಬಹುದು. ಹೀಗೆ ಅರ್ಧ ಇದ್ದು ಅರ್ಧ ಇಲ್ಲದವರಿಗೆ ಹೇಗೆ ಅಳುವುದು? ಈ ಹುಡುಗಿ ಅಪ್ಪ ಬಂದ ದಿನವೇ ಒಂದು ಬಗೆಯಿಂದ ಇನ್ನೊಂದಕ್ಕೆ ದಾಟಿದ್ದಳು. ಅಪ್ಪ ಬಂದ ಖುಷಿಯಲ್ಲಿ ಮನೆಯೆಲ್ಲ ಓಡಾಡುತ್ತಿದ್ದಾಗ ಇವಳು ಏನನ್ನೋ ಕಳೆದುಕೊಂಡಿದ್ದಳು. ಅದನ್ನು ಹೇಳಿದರೆ ಯಾರಾದರೂ ನಂಬುತ್ತಾರಾ?

ಮುಂದಿನ ಉಪಾಯ ನನ್ನದಲ್ಲ, ಅಪ್ಪನದು. ಒಂದು ರಾತ್ರಿ ಒಂಬತ್ತಕ್ಕೆ ಚಪ್ಪಲಿ ಹಾಕಿಕೊಂಡು ಹೊರಗೆ ನಡೆದು, ಎರಡು ತಿರುವು ದಾಟಿ, ಮಗಳಿಗೆ ಫೋನ್ ಮಾಡಿದರು. "ಏನ್ ಪುಟ್ಟಾ, ಊಟ ಆಯ್ತಾ?" ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಬಾಗಿಲು ಹಾಕಿಕೊಂಡ ಶಬ್ದ. 22 ನಿಮಿಷ ಮಾತಾಡಿದರು. ಮನೆಗೆ ಬಂದ ಮೇಲೆ ಇಬ್ಬರೂ ಅದರ ಮಾತೆತ್ತಲಿಲ್ಲ.

ನಿಜ ಹೇಳುತ್ತೇನೆ, ಕೇಳಿದಾಗ ನನಗೆ ಸಮಾಧಾನ ಇರಲಿಲ್ಲ. ಎದುರೆದುರು ಮಾತಾಡುವುದನ್ನು ತಪ್ಪಿಸಿಕೊಳ್ಳಲು ಇದೊಂದು ದಾರಿ ಆಗಿಬಿಟ್ಟರೆ? ಆದರೂ ಬೇಡ ಅನ್ನಲಿಲ್ಲ. ಸುಮಾರು ಎರಡು ತಿಂಗಳು ಹಾಗೇ ನಡೆಯಿತು. ಆಮೇಲೆ ಒಂದೊಂದು ದಿನ ಮಗಳೂ ಜೊತೆಗೆ ನಡೆಯತೊಡಗಿದಳು. ಈಗಲೂ ವಾರಕ್ಕೊಂದೆರಡು ಸಲ ಫೋನೇ. ಕೆಲವು ಮಾತಿಗೆ ಮುಖ ಕಾಣದಿದ್ದರೇ ಒಳ್ಳೆಯದು ಅಂತ ಅವಳ ಅಭಿಪ್ರಾಯ. ಹದಿನೈದು ವರ್ಷದವಳ ಅಪ್ಪ ಯಾವ ದೇಶಕ್ಕೂ ಹೋಗದಿದ್ದರೂ ಇದು ನಿಜವೇ ಇರಬಹುದು.

ನಾನು ಮಾಡಿದ ತಪ್ಪು

ಮೊದಲ ತಿಂಗಳಲ್ಲಿ ನಾನು ಕೊಟ್ಟ ಸಲಹೆ ಹೀಗಿತ್ತು: ಭಾನುವಾರ ಅರ್ಧ ದಿನ ಎಲ್ಲರೂ ಒಟ್ಟಿಗೆ ಎಲ್ಲಾದರೂ ಹೋಗಿ ಬನ್ನಿ. ನಾಲ್ಕು ಭಾನುವಾರ ಹೋದರು. ಮಕ್ಕಳು ಒಳ್ಳೇ ಬಟ್ಟೆ ಹಾಕಿಕೊಂಡರು, ಫೋಟೊ ತೆಗೆದರು, ನಕ್ಕರು. ಸೋಮವಾರ ಮತ್ತೆ ಮೊದಲಿನ ಹಾಗೇ. ಏನು ನಡೆಯುತ್ತಿದೆ ಎಂದು ನನಗೆ ಹೊಳೆಯಲು ಅಷ್ಟು ದಿನ ಬೇಕಾಯಿತು. ನಾನು ಆ ಮನೆಗೆ ಒಂಬತ್ತನೇ ರಜೆ ಕೊಡಿಸಿದ್ದೆ!

ಗಂಡನಿಗೆ ಬೇಕಿದ್ದದ್ದು ಬೇಸರದ ಕೆಲಸ. ದಿನಾ ಮಾಡಬೇಕಾದ, ಯಾರೂ ಹೊಗಳದ, ತಪ್ಪಿದರೆ ಮಾತ್ರ ಗೊತ್ತಾಗುವ ಒಂದು ಕೆಲಸ. ಮೊದಲು ತಾಯಿಯ ರಾತ್ರಿ ಮಾತ್ರೆ ಕೊಡಲು ಹೋದರು. ತಾಯಿ ಒಪ್ಪಲಿಲ್ಲ. "ಅವಳೇ ಕೊಡ್ಲಿ ಬಿಡೋ, ಅವಳಿಗೆ ಗೊತ್ತು." ಹೆತ್ತ ತಾಯಿಯೇ ಹೀಗಂದದ್ದು ಅವರಿಗೆ ತುಂಬಾ ನೋವಾಯಿತು. ಸೊಸೆಗೂ ಅತ್ತೆಗೂ ನಡುವೆ ಆ ವರ್ಷಗಳಲ್ಲಿ ಬೆಳೆದದ್ದು ಅವರಿಗೆ ಕಂಡೇ ಇರಲಿಲ್ಲ.

ಕೊನೆಗೆ ಸಿಕ್ಕಿದ್ದು ಬೆಳಗಿನ ಅರ್ಧ ಗಂಟೆ: ಮಗನನ್ನು ಎಬ್ಬಿಸಿ ಸ್ಕೂಲಿಗೆ ಹೊರಡಿಸುವುದು. ಷರತ್ತು ಒಂದೇ, ಆ ಅರ್ಧ ಗಂಟೆ ಹೆಂಡತಿ ಕೋಣೆಯಿಂದ ಹೊರಗೆ ಬರಬಾರದು. ಮೊದಲ ಹತ್ತು ದಿನ ಗಲಾಟೆಯೋ ಗಲಾಟೆ. ಒಂದು ದಿನ ಪುಸ್ತಕ ಮರೆತರು, ಇನ್ನೊಂದು ದಿನ ಬೇರೆ ಬೇರೆ ಜೋಡಿಯ ಕಾಲುಚೀಲ, ಎರಡು ದಿನ ಗಾಡಿ ತಪ್ಪಿತು. ಬಾಗಿಲ ಹಿಂದೆ ಕೂತು ಎಲ್ಲ ಕೇಳಿಸಿಕೊಂಡು ಸುಮ್ಮನಿರುವುದು ಹೆಂಡತಿಗೆ ಗಂಡನ ಕೆಲಸಕ್ಕಿಂತ ಕಷ್ಟವಾಗಿತ್ತು. ಮೂರನೇ ವಾರ ಅಪ್ಪ ಬ್ಯಾಗಿಗೆ ಏನೋ ತುಂಬಲು ಹೋದಾಗ ಮಗ ರೇಗಿದ: "ನೀನ್ ಸುಮ್ನಿರು ಅಪ್ಪಾ, ನಂಗೆ ಗೊತ್ತು!" ಆ ಸಂಜೆ ಅವರು ನನಗೆ ಮೆಸೇಜ್ ಕಳಿಸಿದರು. ಮಗ ತನಗೆ ಏಕವಚನದಲ್ಲಿ ಬೈದ ಎಂದು ಅಷ್ಟು ಖುಷಿಪಟ್ಟ ಅಪ್ಪನನ್ನು ನಾನು ನೋಡಿರಲಿಲ್ಲ.

"ಅಲ್ಲಿ ಸಾರ್"

ಗಂಡನ ಆಫೀಸಿನ ಕಥೆ ನನಗೆ ಗೊತ್ತಿರುವುದು ಅವರ ಬಾಯಿಂದಲೇ. ಅಲ್ಲಿಯವರ ಜೊತೆ ನಾನು ಮಾತಾಡಿಲ್ಲ. ಅದನ್ನು ನೆನಪಿಟ್ಟುಕೊಂಡು ಓದಿ.

ಹಳೇ ಸಂಸ್ಥೆ, ಗೊತ್ತಿರುವ ಗೇಟು. "ನಮ್ಮವರೇ ಬಿಡಿ" ಎಂದು ಒಂದು ಕುರ್ಚಿ, ಒಂದು ಪಾಸ್‌ವರ್ಡ್ ಕೊಟ್ಟರು. ಅದೇ ವಾರ ಸೇರಿದ ಹೊಸ ಹುಡುಗರಿಗೆ ಒಂದು ವಾರ ತರಬೇತಿ ನಡೆಯಿತು. ಇವರನ್ನು ಕರೆಯಲಿಲ್ಲ, ಇವರೂ ಕೇಳಲಿಲ್ಲ. ಬಿಡಿಭಾಗ ತರಿಸಲು ಈಗ ಯಾರ ಒಪ್ಪಿಗೆ ಬೇಕು, ರಜೆ ಎಲ್ಲಿ ಹಾಕಬೇಕು, ಯಾವ ಮೀಟಿಂಗ್‌ನಲ್ಲಿ ನಿಜವಾಗಿ ತೀರ್ಮಾನವಾಗುತ್ತದೆ, ಒಂದೂ ಗೊತ್ತಿಲ್ಲ. ಕೇಳಲು ನಾಚಿಕೆ. ಮ್ಯಾನೇಜರ್ ಯಾರು ಗೊತ್ತಾ? ಮೊದಲು ಇವರ ಕೈಕೆಳಗೆ ಟ್ರೈನಿಯಾಗಿದ್ದವರು. ಆಗ ಅವರು ಇವರಿಗೆ "ಸಾರ್" ಅನ್ನುತ್ತಿದ್ದರು. ಈಗ ಯಾರು ಯಾರಿಗೆ "ಸಾರ್" ಅನ್ನಬೇಕು? ಮೂರು ವಾರ ಇಬ್ಬರೂ ಒಬ್ಬರನ್ನೊಬ್ಬರು ಏನೂ ಕರೆಯದೆ ಮಾತಾಡಿ ಮುಗಿಸಿದರು.

ಮೀಟಿಂಗ್‌ನಲ್ಲಿ ಇವರು ಬಾಯಿ ತೆರೆದರೆ "ಅಲ್ಲಿ ನಾವು ಹೀಗೆ ಮಾಡ್ತಿದ್ವಿ". ಹೆಮ್ಮೆ ಕೊಚ್ಚಿಕೊಳ್ಳಲು ಅಲ್ಲ. ಒಂಬತ್ತು ವರ್ಷ ಕಲಿತದ್ದು ಬೇರೆ ಯಾವ ಭಾಷೆಯಲ್ಲಿ ಹೊರಗೆ ಬರಬೇಕು? ಆದರೆ ಕೇಳುವವರಿಗೆ "ಇಲ್ಲಿ ನಿಮಗೇನೂ ಬರಲ್ಲ" ಎಂದು ಕೇಳಿಸುತ್ತಿತ್ತು. ಬೆನ್ನ ಹಿಂದೆ "ಅಲ್ಲಿ ಸಾರ್" ಎಂಬ ಹೆಸರು ಬಿತ್ತು. ಅದು ಅವರ ಕಿವಿಗೂ ಬಿತ್ತು. ಅಂದಿನಿಂದ ಮೀಟಿಂಗ್‌ನಲ್ಲಿ ಮಾತೇ ಆಡುವುದನ್ನು ಬಿಟ್ಟರು.

ಅವರು ತರಬೇಕೆಂದಿದ್ದ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಲಾಕ್‌ಔಟ್ ಟ್ಯಾಗ್‌ಔಟ್ ಎನ್ನುತ್ತಾರೆ. ಯಂತ್ರ ರಿಪೇರಿಗೆ ಕೈ ಹಾಕುವ ಮುಂಚೆ ಅದರ ಮೇನ್ ಸ್ವಿಚ್ ಆಫ್ ಮಾಡಿ, ಮತ್ತೆ ಆನ್ ಮಾಡಲು ಆಗದ ಹಾಗೆ ಬೀಗ ಹಾಕುವುದು, ಹೆಸರಿನ ಚೀಟಿ ಕಟ್ಟುವುದು. ಐದು ಜನ ಕೆಲಸ ಮಾಡುತ್ತಿದ್ದರೆ ಐದು ಬೀಗ. ಪ್ರತಿಯೊಬ್ಬರ ಕೀಲಿ ಅವರವರ ಜೇಬಿನಲ್ಲೇ. ಕೊನೆಯವನು ತನ್ನ ಬೀಗ ತೆಗೆಯುವ ತನಕ ಯಂತ್ರ ಓಡುವಂತಿಲ್ಲ. ಇವರ ವಿಭಾಗದಲ್ಲಿ ಸೂಪರ್‌ವೈಸರ್ ಒಬ್ಬರೇ ಎಲ್ಲರ ಪರವಾಗಿ ಒಂದು ಬೀಗ ಹಾಕುತ್ತಿದ್ದರು. ಅದು ಸಾಲದು ಎಂದು ಇವರು ಹೇಳಿದ್ದು ಸರಿಯೇ. ಆದರೆ ಹೇಳಿದ್ದು "ಅಲ್ಲಿ" ಎಂದು ಶುರುಮಾಡಿ.

ನಾನು ಎರಡು ಕೆಲಸ ಕೊಟ್ಟೆ. ಒಂದು, ಮುಂದಿನ ಬ್ಯಾಚಿನ ಹೊಸಬರ ಜೊತೆ ತರಬೇತಿಗೆ ಕೂರುವುದು. "ಇಪ್ಪತ್ತು ವರ್ಷ ಸರ್ವಿಸ್ ಆದವನು ಆ ಹುಡುಗರ ಪಕ್ಕ ಕೂರಬೇಕಾ?" ಎಂದರು. ಹೌದು ಅಂದೆ. ಒಂದು ತಿಂಗಳು ಎಳೆದಾಡಿ ಕೊನೆಗೆ ಕೂತರು. ಎರಡು, 60 ದಿನ "ಅಲ್ಲಿ" ಎಂಬ ಪದ ಬಳಸದಿರುವುದು. ಗೊತ್ತಿರುವುದನ್ನು ಹೇಳಿ, ಎಲ್ಲಿ ಕಲಿತದ್ದು ಎಂದು ಹೇಳಬೇಡಿ. ಅವರು ಒಂದು ಹೆಜ್ಜೆ ಮುಂದೆ ಹೋದರು, ಹೇಳುವುದನ್ನೇ ಬಿಟ್ಟರು. ಸ್ವಂತಕ್ಕೆ ಒಂದು ಕೆಂಪು ಬೀಗ ತಂದು, ರಿಪೇರಿಗೆ ಇಳಿಯುವಾಗಲೆಲ್ಲ ಸೂಪರ್‌ವೈಸರ್‌ನ ಬೀಗದ ಪಕ್ಕ ಅದನ್ನೂ ಹಾಕತೊಡಗಿದರು. ಎರಡು ವಾರ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಫಿಟ್ಟರ್ ಬಂದು ಕೇಳಿದ, "ಸಾರ್, ಅದು ನನಗೂ ಒಂದು ಸಿಗುತ್ತಾ?" ನಾನು ಕೊನೆಯ ಸಲ ಕೇಳಿದಾಗ ಆ ಶಿಫ್ಟ್‌ನಲ್ಲಿ ಏಳು ಬೀಗ ಆಗಿದ್ದವು. ಮ್ಯಾನೇಜರ್ ಇನ್ನೂ ಅದನ್ನು ನಿಯಮ ಮಾಡಿಲ್ಲ.

ಸ್ಟೂವರ್ಟ್ ಬ್ಲ್ಯಾಕ್ ಮತ್ತು ಹಾಲ್ ಗ್ರೆಗರ್ಸನ್ ಎಂಬ ಸಂಶೋಧಕರು ಹೊರದೇಶದಿಂದ ಮರಳಿದ ಅಮೆರಿಕದ ಮ್ಯಾನೇಜರ್‌ಗಳ ಬಗ್ಗೆ 1991ರಲ್ಲಿ ಬರೆದಾಗ ಹೊಂದಿಕೆಯನ್ನು ಮೂರಾಗಿ ಬಿಡಿಸಿ ನೋಡಿದರು: ಕೆಲಸ, ಜನರ ಜೊತೆಗಿನ ಒಡನಾಟ, ಸುತ್ತಲ ದಿನನಿತ್ಯದ ಬದುಕು. ಒಂದು ಸರಿಹೋದರೆ ಉಳಿದದ್ದೂ ಸರಿಹೋಯಿತು ಅಂತಲ್ಲ. ಇವರಲ್ಲಿ ಅದು ಸ್ಪಷ್ಟವಾಗಿ ಕಾಣುತ್ತಿತ್ತು. ರಸ್ತೆ, ಬ್ಯಾಂಕು, ಹವಾಮಾನಕ್ಕೆ ಒಂದೇ ತಿಂಗಳಲ್ಲಿ ಹೊಂದಿಕೊಂಡರು. ನೋಡಿದವರೆಲ್ಲ "ಸೆಟ್ಲ್ ಆದ್ರಲ್ಲ" ಎಂದರು.

ಗ್ರಾಫ್ ತಂದ ದಿನ

ಎಂಜಿನಿಯರ್ ಅಲ್ವಾ, ಆರನೇ ಭೇಟಿಗೆ ಒಂದು ಗ್ರಾಫ್ ಪ್ರಿಂಟ್ ತೆಗೆದುಕೊಂಡು ಬಂದರು. ಹೊರದೇಶಕ್ಕೆ ಹೋಗಿ ಬರುವವರ ಹೊಂದಿಕೆ ಕಾಲ ಕಳೆದಂತೆ ಹೇಗೆ ಏರಿಳಿಯುತ್ತದೆ ಎಂದು ತೋರಿಸುವ 'ಡಬ್ಲ್ಯು' ಆಕಾರದ ಗೆರೆ. "ನಾನೀಗ ಈ ಎರಡನೇ ಗುಂಡಿಯಲ್ಲಿ ಇದೀನಿ. ಇಲ್ಲಿಂದ ಮೇಲೆ ಬರೋಕೆ ಎಷ್ಟು ತಿಂಗಳು?"

ಅದರ ಕಥೆ ಹೀಗೆ. ಸ್ವೆರ್ರೆ ಲಿಸ್ಗೋರ್ ಎಂಬ ನಾರ್ವೆಯ ಸಮಾಜಶಾಸ್ತ್ರಜ್ಞ ಅಮೆರಿಕಕ್ಕೆ ಓದಲು, ಸಂಶೋಧನೆಗೆ ಹೋಗಿ ಬಂದ ನಾರ್ವೆಯವರನ್ನು ಮಾತಾಡಿಸಿ 1955ರಲ್ಲಿ ಪ್ರಕಟಿಸಿದರು. 6 ತಿಂಗಳಿಗಿಂತ ಕಡಿಮೆ ಇದ್ದವರೂ 18 ತಿಂಗಳಿಗಿಂತ ಜಾಸ್ತಿ ಇದ್ದವರೂ ಚೆನ್ನಾಗಿ ಹೊಂದಿಕೊಂಡಿದ್ದರು, ನಡುವಿನವರಿಗೆ ಕಷ್ಟವಾಗಿತ್ತು. ಅಲ್ಲಿಂದ 'ಯು' ಆಕಾರದ ಗೆರೆ ಬಂತು. 1963ರಲ್ಲಿ ಗಲ್ಲಹಾರ್ನ್ ಎಂಬ ಸಂಶೋಧಕ ದಂಪತಿ, ಮನೆಗೆ ಮರಳಿದಾಗಲೂ ಇದೇ ಇಳಿತ ಇನ್ನೊಮ್ಮೆ ಬರುತ್ತದೆ ಎಂದು ಅದನ್ನು 'ಡಬ್ಲ್ಯು' ಮಾಡಿದರು. ಚಂದದ ಚಿತ್ರ. ಆದರೆ ಆಮೇಲೆ ಬಂದ ಅಧ್ಯಯನಗಳಲ್ಲಿ ಎಲ್ಲರೂ ಈ ಗೆರೆಯ ಮೇಲೆ ನಡೆದದ್ದು ಕಾಣಲಿಲ್ಲ. ಅದು ರೈಲಿನ ವೇಳಾಪಟ್ಟಿ ಅಲ್ಲ ಎಂದು ಹೇಳಿದೆ. ಅವರಿಗೆ ಬೇಸರವಾಯಿತು. ಎರಡನೇ ಇಳಿತಕ್ಕೂ ಒಂದು ಹೆಸರಿದೆ, ಇದು ಬೇರೆಯವರಿಗೂ ಆಗುತ್ತದೆ ಎಂದು ತಿಳಿದದ್ದರಿಂದ ಮಾತ್ರ ಸ್ವಲ್ಪ ಹಗುರಾದರು. ಹೆಂಡತಿ ಗ್ರಾಫ್ ಕೈಗೆ ತೆಗೆದುಕೊಂಡು ನೋಡಿ, "ಇದರಲ್ಲಿ ನನ್ನ ಗೆರೆ ಯಾವುದು?" ಎಂದರು.

ಒಳ್ಳೆಯ ಪ್ರಶ್ನೆ. ನಾವು ಆರು ಭೇಟಿಗಳಲ್ಲಿ ಮಾತಾಡಿದ್ದೆಲ್ಲ ಬಂದವರ ಕಷ್ಟ. ಇದ್ದವರಿಗೆ ಏನಾಯಿತು ಎಂದು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ನೋಟ್‌ಬುಕ್‌ಗಳು

ಆ ದಿನ ಹೆಂಡತಿ ಮಾತಾಡಿದರು. ಒಂಬತ್ತು ವರ್ಷ ಮನೆ ನಡೆಸಿದ್ದು, ಯಾರನ್ನೂ ಕೇಳದೆ ತೀರ್ಮಾನ ತೆಗೆದುಕೊಂಡದ್ದು, ರಾತ್ರಿ ಎಲ್ಲ ಮಲಗಿದ ಮೇಲೆ ಸಿಗುತ್ತಿದ್ದ ಒಂದು ಗಂಟೆ. "ಇವರು ಬಂದದ್ದು ನನಗೆ ಬೇಕಿತ್ತು. ಆದರೆ ಆ ಗಂಟೆ ಹೋಯ್ತು. ಅದಕ್ಕೆ ಅಳು ಬಂದರೆ ನಾನು ಕೆಟ್ಟವಳಾ?" ಗಂಡ ತಲೆ ತಗ್ಗಿಸಿ ಕೂತಿದ್ದರು.

ಎರಡನೇ ಮಹಾಯುದ್ಧದಲ್ಲಿ ಗಂಡಂದಿರು ದೂರವಿದ್ದು ಮರಳಿ ಬಂದ ಅಮೆರಿಕದ ಅಯೋವಾ ರಾಜ್ಯದ ಕುಟುಂಬಗಳನ್ನು ರೂಬೆನ್ ಹಿಲ್ ಎಂಬ ಸಮಾಜಶಾಸ್ತ್ರಜ್ಞ ಅಧ್ಯಯನ ಮಾಡಿ 1949ರಲ್ಲಿ ಪ್ರಕಟಿಸಿದರು. ಅಗಲಿಕೆ ಒಂದು ಸಂಕಟ, ಮತ್ತೆ ಒಂದಾಗುವುದು ಇನ್ನೊಂದು ಸಂಕಟ ಎಂದು ಅವರು ಎರಡನ್ನೂ ಬೇರೆಯಾಗಿಯೇ ನೋಡಿದರು. ಒಬ್ಬರು ಹೋದಾಗ ಅವರ ಕೆಲಸವನ್ನು ಉಳಿದವರು ಹಂಚಿಕೊಂಡು ಕುಟುಂಬ ಗಟ್ಟಿಯಾಗುತ್ತದೆ. ಹಾಗೆ ಗಟ್ಟಿಯಾಗದಿದ್ದರೆ ಬದುಕುವುದೇ ಕಷ್ಟ. ಹೋದವರ ಜಾಗ ಖಾಲಿ ಉಳಿದಿರುವುದಿಲ್ಲ. ಅದನ್ನು ಮುಚ್ಚಿದವರು ತಪ್ಪು ಮಾಡಿದವರೂ ಅಲ್ಲ.

ಆಮೇಲೆ ಬಂತು ದುಡ್ಡಿನ ಮಾತು. ಮರಳಿದ ಎರಡನೇ ತಿಂಗಳು ಗಂಡ, ಕಳಿಸಿದ ಹಣದಲ್ಲಿ ಉಳಿದದ್ದು ಇಷ್ಟೇನಾ ಎಂದು ಕೇಳಿದ್ದರಂತೆ. ಅನುಮಾನದಿಂದ ಅಲ್ಲ, ಇಲ್ಲಿನ ಸಂಬಳ ಕಡಿಮೆಯಾದ ಗಾಬರಿಯಿಂದ. ಹೆಂಡತಿ ಅಂದು ಉತ್ತರ ಕೊಟ್ಟಿರಲಿಲ್ಲ. ಈಗ ಹೇಳಿದರು: "ಒಂಬತ್ತು ನೋಟ್‌ಬುಕ್ ಇವೆ. ವರ್ಷಕ್ಕೊಂದು. ಒಂದು ದಿನಾನೂ ಬಿಟ್ಟಿಲ್ಲ. ಯಾರೂ ತೋರಿಸು ಅನ್ನಲಿಲ್ಲ."

ನಾನು ಗಂಡನಿಗೆ ಹೇಳಿದೆ, ಅವನ್ನು ಓದಿ. ಕೂಡಿಸಿ ಕಳೆಯಬೇಡಿ, ಪೆನ್ನು ಹಿಡಿಯಬೇಡಿ, ಸುಮ್ನೆ ಓದಿ. ದಿನಕ್ಕೆ ಒಂದು ತಿಂಗಳ ಪುಟ. ಅರ್ಥವಾಗದ ಕಡೆ ಹೆಂಡತಿಯನ್ನು ಕೇಳಿ.

ಸುಮಾರು ಮೂರೂವರೆ ತಿಂಗಳು ಓದಿದರು. ಲೆಕ್ಕದ ಪುಸ್ತಕದಲ್ಲಿ ಇಷ್ಟೊಂದು ಇರುತ್ತದೆ ಎಂದು ನನಗೂ ಗೊತ್ತಿರಲಿಲ್ಲ. 'ಚಾವಣಿ ರಿಪೇರಿ' ಎಂಬ ಒಂದು ಸಾಲಿನ ಹಿಂದೆ, ಒಂದಿಡೀ ಮಳೆಗಾಲ ಎರಡು ಮಕ್ಕಳನ್ನು ಒಂದೇ ಕೋಣೆಯಲ್ಲಿ ಮಲಗಿಸಿದ ಕಥೆ. ಮಗಳ ಸ್ಕೂಲ್ ಬದಲಾದ ವರ್ಷ ನಾಲ್ಕು ಕಡೆ ಅರ್ಜಿ ಶುಲ್ಕ. ಒಂದು ಕಡೆ 'ಗಾಡಿ ಬಾಡಿಗೆ, ರಾತ್ರಿ, ಆಸ್ಪತ್ರೆ' ಎಂದಿತ್ತು. ಮುಂದಿನ ಐದು ದಿನ ಖಾಲಿ ಸಾಲುಗಳು. ಇದು ಯಾವಾಗ ಎಂದು ಕೇಳಿದರು.

"ಅತ್ತೆ ಬಿದ್ದಾಗ."

"ನನಗೆ ಹೇಳಲೇ ಇಲ್ಲ?"

"ನೀವು ಆ ವಾರ ಶಟ್‌ಡೌನ್ ಕೆಲಸದಲ್ಲಿ ಇದ್ರಿ. ಹೇಳಿದ್ದರೆ ಏನ್ ಮಾಡ್ತಿದ್ರಿ? ಎಲ್ಲ ಆರಾಮ ಅಂದೆ."

ಆಗ ಗಂಡ ಎಡತೋಳಿನ ಅಂಗಿ ಮಡಚಿ ತೋರಿಸಿದರು. ಮೊಣಕೈ ಕೆಳಗೆ ಸುಟ್ಟ ಕಲೆ. ನಾಲ್ಕನೇ ವರ್ಷದ್ದು. ಎಂಟು ದಿನ ಮಲಗಿದ್ದರು. ಮನೆಗೆ ಹೇಳಿದ್ದು, ನೆಟ್‌ವರ್ಕ್ ಸರಿಯಿಲ್ಲ, ವಿಡಿಯೊ ಬರಲ್ಲ, ಎಲ್ಲ ಆರಾಮ. ಹೆಂಡತಿ ಕಲೆಯನ್ನು ನೋಡಿದ್ದರು. ಹಳೆಯದಿರಬೇಕು ಅಂದುಕೊಂಡಿದ್ದರು. ಕೇಳಿರಲಿಲ್ಲ.

ಇಡೀ ಪ್ರಕರಣದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಈ ಸಂಜೆ. ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡಲು ಒಂಬತ್ತು ವರ್ಷ ಒಳ್ಳೇ ಸುದ್ದಿಯನ್ನೇ ಹೇಳಿಕೊಂಡಿದ್ದರು. ಹಾಗಾಗಿ ಅವರು ವಾಪಸ್ ಬಂದದ್ದು ಒಂದು ಕಷ್ಟವನ್ನೂ ಕಾಣದ ಮನೆಗೆ. ಮನೆಗೆ ಬಂದದ್ದು ಒಂದು ಕಷ್ಟವನ್ನೂ ಪಡದ ಗಂಡ. ಇಬ್ಬರೂ ನಿಜವಾಗಿ ಇಲ್ಲದವರು. ಅವರು ಕಪಾಟಿಗೆ ಕೈ ಹಾಕಿದಾಗ ಹೆಂಡತಿಗೆ ಸಿಟ್ಟು ಬಂದದ್ದು ಡಬ್ಬಗಳಿಗಾಗಿ ಇರಲಾರದು. ಏನೂ ತಿಳಿಯದವನು ಬಂದು ಸರಿಪಡಿಸಲು ಹೊರಟನಲ್ಲ ಎಂದು.

ನೋಟ್‌ಬುಕ್ ಮುಗಿಯುವ ಹೊತ್ತಿಗೆ ತಾಯಿಯ ಮಾತ್ರೆ ಇನ್ನೂ ಸೊಸೆಯ ಕೈಯಲ್ಲೇ ಇತ್ತು. ಅದನ್ನು ಅವರು ಮತ್ತೆ ಕೇಳಲಿಲ್ಲ. ರಾತ್ರಿ ಹತ್ತರ ಮೇಲೆ ಒಂದು ಗಂಟೆ ಹಾಲ್ ಹೆಂಡತಿಯದು, ಆ ಹೊತ್ತಿನಲ್ಲಿ ಟಿವಿ ಹಾಕುವುದಿಲ್ಲ. ಕಪಾಟಿನ ಚೀಟಿಗಳನ್ನು ಒಂದು ದಿನ ಮಗ ಕಿತ್ತು, ಹಿಂದುಮುಂದಾಗಿ ಅಂಟಿಸಿ ಆಟವಾಡಿದ. ಸೂಟ್‌ಕೇಸ್‌ನಲ್ಲಿ ಈಗ ಅವನ ಆಟದ ಸಾಮಾನು ಇದೆ. ಜಗಳ ನಿಂತಿಲ್ಲ, ಸದ್ದು ಜಾಸ್ತಿಯೇ ಆಗಿದೆ ಎಂದು ಹೆಂಡತಿ ಹೇಳಿದರು. ಅದು ದೂರಿನ ಹಾಗೆ ಕೇಳಿಸಲಿಲ್ಲ.

ಕೊನೆಯ ಭೇಟಿಯಾದ ಎರಡು ತಿಂಗಳ ಮೇಲೆ ಫೋನ್ ಮಾಡಿ ವಿಚಾರಿಸಿದೆ. ಆಫೀಸಿನಲ್ಲಿ ಅಷ್ಟೇನೂ ಬದಲಾಗಿಲ್ಲ. ಹಳೇ ಟ್ರೈನಿಯನ್ನು ಹೆಸರು ಹಿಡಿದು ಕರೆಯುತ್ತಾರೆ, ಅವರೂ ಇವರನ್ನು ಹಾಗೇ. ನಡುವೆ ಹೊರದೇಶದಿಂದ ಆರು ತಿಂಗಳ ಒಂದು ಕೆಲಸಕ್ಕೆ ಕರೆ ಬಂದಿದೆಯಂತೆ. ಸಂಬಳ ಒಳ್ಳೆಯದು. ಮನೆಯಲ್ಲಿ ಮಾತಾಡುತ್ತಿದ್ದಾರೆ, ಇನ್ನೂ ತೀರ್ಮಾನವಾಗಿಲ್ಲ. ಮಗಳು ಹೋಗಬೇಡ ಎಂದಿದ್ದಾಳೆ. ಮಗ ಹೋಗಿ ಬಾ, ಆದರೆ ಸೂಟ್‌ಕೇಸ್ ಬೇರೆ ತಗೋ ಎಂದಿದ್ದಾನೆ. ಹೆಂಡತಿ ಹೋಗಿ ಎಂದೂ ಅಂದಿಲ್ಲ, ಬೇಡ ಎಂದೂ ಅಂದಿಲ್ಲ. ಹೋಗುವುದಾದರೆ ಫೋನಿನಲ್ಲಿ "ಎಲ್ಲ ಆರಾಮ" ಅನ್ನಬಾರದು ಎಂದು ಮಾತ್ರ ಈಗಲೇ ಷರತ್ತು ಹಾಕಿದ್ದಾರೆ.